ಸೊಟ್ಟ ಬಿಲ್ಲೆಗಳ ಡಬ್ಬಿ

ನಮ್ಮ ದೊಡ್ಡಮ್ಮ ಯಾರನ್ನೂ ಸುಲಭಕ್ಕೆ ನಂಬಿದವಳಲ್ಲ. ಹಾಲಿನವನು ಹಾಲು ಹಾಕಿ ಹೋದಮೇಲೆ ಒಂದು ತೊಟ್ಟು ಉಗುರಿನ ಮೇಲೆ ಬಿಟ್ಟುಕೊಂಡು ಅದು ಹೇಗೆ ಜಾರುತ್ತದೆ ಎಂದು ನೋಡುವಳು. ಅಂಗಡಿಯವನು ಹಿಟ್ಟು ತೂಗುವಾಗ "ಸ್ವಲ್ಪ ಹಿಂದೆ ನಿಂತ್ಕೊಳ್ಳಪ್ಪ, ತಕ್ಕಡಿಗೂ ಗಾಳಿ ಆಡ್ಲಿ" ಎನ್ನುವಳು. ಡಾಕ್ಟರು ಮೂರು ಬಗೆಯ ಮಾತ್ರೆ ಬರೆದರೆ, ಒಂದು ಅವರ ಲಾಭಕ್ಕೆ, ಒಂದು ಔಷಧಿ ಅಂಗಡಿಯವನ ಲಾಭಕ್ಕೆ, ಒಂದು ಮಾತ್ರ ತನ್ನ ಮಂಡಿನೋವಿಗೆ ಎಂದು ತೀರ್ಮಾನಿಸಿ, ಆ ಮೂರನೆಯದು ಯಾವುದಿರಬಹುದು ಎಂದು ನನ್ನ ಜೊತೆ ಚರ್ಚೆಗೆ ಕೂರುವಳು. ನನ್ನ ಅಮ್ಮ, ಅಂದರೆ ಅವಳ ತಂಗಿ, ತೀರಿಕೊಂಡಮೇಲೆ ನಾನು ಬಟ್ಟೆಯ ಗಂಟು ಹಿಡಿದುಕೊಂಡು ಅವಳ ಮನೆಗೆ ಬಂದೆ. ಆಗ ಅವಳು ಮಾಡಿದ ಮೊದಲ ಕೆಲಸ, ನನ್ನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನಿಲ್ಲಿಸಿ ಮೇಲಿಂದ ಕೆಳಗೆ ನೋಡಿದ್ದು. "ಹೂಂ, ಪರವಾಗಿಲ್ಲ" ಎಂದಳು. ಅವಳ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ಇವತ್ತಿಗೂ ಕೇಳಿಲ್ಲ.

ಅನುಮಾನ ಅವಳ ಸ್ವಭಾವವೂ ಹೌದು, ಹೊಟ್ಟೆಪಾಡೂ ಹೌದು. ಆಸ್ಪತ್ರೆ, ಶಾಲೆ, ಕಾವಲುಗಾರರಿಗೆ ಸಮವಸ್ತ್ರ ಹೊಲಿಯುವ ಒಂದು ಕಾರ್ಖಾನೆಯಲ್ಲಿ ಅವಳು ತಪಾಸಣೆಯ ಮೇಜಿನವಳು. ನಾನು ಅದೇ ಕಾರ್ಖಾನೆಯಲ್ಲಿ ಇಸ್ತ್ರಿ ವಿಭಾಗದವಳು. ಹೊಲಿದು ಮುಗಿದ ಪ್ರತಿ ಕೋಟೂ ನನ್ನ ಇಸ್ತ್ರಿಗೆ ಬರುವ ಮೊದಲು ಅವಳ ಕೈ ದಾಟಬೇಕು. ಅವಳು ಅದನ್ನು ಬೆಳಕಿಗೆ ಹಿಡಿಯುತ್ತಾಳೆ, ಹೊಲಿಗೆಯ ಎರಡೂ ಕಡೆ ಹಿಡಿದು ಜಗ್ಗುತ್ತಾಳೆ, ಅಂಚಿನ ಉದ್ದಕ್ಕೂ ಹೆಬ್ಬೆರಳ ಉಗುರು ಎಳೆಯುತ್ತಾಳೆ. ಸರಿ ಇದ್ದರೆ ತನ್ನ ಚೀಟಿ ಅಂಟಿಸುತ್ತಾಳೆ. ಇಲ್ಲದಿದ್ದರೆ ತಪ್ಪಾದ ಕಡೆ ಒಂದು ಕೆಂಪು ದಾರ ಕಟ್ಟಿ, "ತಿರುಗಿ ಮಾಡ್ಕೊಂಡು ಬಾ" ಎಂದು ಮುಖ ಕೂಡ ನೋಡದೆ ಪಕ್ಕಕ್ಕೆ ಎಸೆಯುತ್ತಾಳೆ. ಹೊಲಿಯುವ ಹೆಂಗಸರು ಅವಳಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ಎದುರಿಗೆ ಮಾತ್ರ "ಮೇಡಂ".

ಒಂದು ಕಾಲದಲ್ಲಿ ದೊಡ್ಡಮ್ಮನೂ ಹೊಲಿಯುವವಳೇ. ಹೊಲಿಗೆಯಂತ್ರಗಳ ಸಾಲಿನ ಹಿಂದೆ ಊಟಕ್ಕೆಂದು ಒಂದು ಉದ್ದನೆಯ ಮೇಜು ಇದೆ, ಎರಡೂ ಕಡೆ ಬೆಂಚು. ಅಲ್ಲಿ ಯಾರೂ ತಮ್ಮ ಡಬ್ಬಿಯಿಂದ ತಾವೇ ಉಣ್ಣುವುದಿಲ್ಲ. ಮುಚ್ಚಳಗಳನ್ನು ತಟ್ಟೆಯಂತೆ ಅಂಗಾತ ತಿರುಗಿಸಿ ಮಧ್ಯಕ್ಕೆ ಇಡುತ್ತಾರೆ, ಪ್ರತಿಯೊಬ್ಬರೂ ತಮ್ಮದರಿಂದ ಒಂದೊಂದು ಚಮಚ ಅದಕ್ಕೆ ಹಾಕುತ್ತಾರೆ. ಒಬ್ಬಳ ಆಲೂಗಡ್ಡೆ, ಇನ್ನೊಬ್ಬಳ ಹುರಿದ ಬಟಾಣಿ, ಮತ್ತೊಬ್ಬಳ ಈರುಳ್ಳಿ ಹಾಕಿದ ಮೊಟ್ಟೆ. ದೊಡ್ಡಮ್ಮನ ಪಾಲು ಯಾವಾಗಲೂ ಉಪ್ಪುಬಿಲ್ಲೆ. ಹಿಟ್ಟಿಗೆ ಉಪ್ಪು, ಕುಟ್ಟಿದ ಮೆಣಸು, ಒಂದು ಹಿಡಿ ಎಳ್ಳು, ಬಿಸಿ ಎಣ್ಣೆ ಹಾಕಿ ಕಲಸಿ, ತೆಳ್ಳಗೆ ಲಟ್ಟಿಸಿ, ಲೋಟದ ಬಾಯಿಂದ ಒತ್ತಿ ಗುಂಡಗೆ ಕತ್ತರಿಸಿ ಕರಿಯುವುದು, ಅಷ್ಟೇ. ಅದರಲ್ಲಿ ಯಾವ ದೊಡ್ಡಸ್ತಿಕೆಯೂ ಇಲ್ಲ. ಆದರೆ ಅವಳು ಡಬ್ಬಿಯ ಮುಚ್ಚಳ ತೆಗೆದರೆ ಮೇಜಿನ ಆ ತುದಿಯಿಂದ ಕೈಗಳು ಬರುತ್ತಿದ್ದವಂತೆ. ತಿನ್ನುವವರ ಬಾಯಿಂದ ಬರುವ ಕರಕರ ಸದ್ದು ಕೇಳಿಕೊಂಡು ಅವಳು ತಾನು ತಿನ್ನುವುದನ್ನೇ ಮರೆಯುತ್ತಿದ್ದಳಂತೆ. ಇದನ್ನು ನನಗೆ ಹೇಳುವಾಗ ಮಾತ್ರ ಅವಳ ಮುಖದಲ್ಲಿ ಅನುಮಾನದ ಗೆರೆಗಳು ಇರುತ್ತಿರಲಿಲ್ಲ.

ಅವಳನ್ನು ತಪಾಸಣೆಗೆ ಹಾಕಿದ ಮರುದಿನ ಮಧ್ಯಾಹ್ನ ಡಬ್ಬಿ ಹಿಡಿದು ಮೇಜಿನ ಬಳಿ ಬಂದರೆ, ಬೆಂಚಿನಲ್ಲಿ ಜಾಗ ಇರಲಿಲ್ಲ. ಜಾಗ ಇರಲಿಲ್ಲ ಅಂದರೆ, ಎಲ್ಲರೂ ಮೊಣಕೈ ಅಗಲಿಸಿ ಕೂತಿದ್ದರು. ಕಾಲರಕ್ಕ ಮಾತ್ರ ಬಾಯಿ ಬಿಟ್ಟು ಹೇಳಿದ್ದು. ಕಾಲರಕ್ಕ ಅಂದರೆ ಆ ಸಾಲಿನ ಹಿರಿಯಳು, ಕಾಲರು ಹೊಲಿಯುವುದರಲ್ಲಿ ಪಳಗಿದ ಕೈ, ದೊಡ್ಡಮ್ಮನ ಪಕ್ಕದಲ್ಲೇ ವರ್ಷಗಟ್ಟಲೆ ಕೂತು ಉಂಡವಳು.

"ಬೇಜಾರು ಮಾಡ್ಕೋಬೇಡ. ನಿನ್ನ ಡಬ್ಬಿಗೆ ಕೈ ಹಾಕಿದವಳ ಬಟ್ಟೆ ಪಾಸು, ಹಾಕದವಳದ್ದು ವಾಪಸ್ಸು ಅಂತ ನಾಳೆ ಮಾತು ಬರುತ್ತೆ. ನಿನಗೂ ಬೇಡ, ನಮಗೂ ಬೇಡ."

ಮಾತು ನ್ಯಾಯವಾಗಿಯೇ ಇತ್ತು. ಅದಕ್ಕೇ ದೊಡ್ಡಮ್ಮನಿಗೆ ಜಗಳ ಆಡಲಿಕ್ಕೂ ಆಗಲಿಲ್ಲ. ಕುಡಿಯುವ ನೀರಿನ ಡ್ರಮ್ಮಿನ ಪಕ್ಕ ಒಂದು ಸ್ಟೂಲು ಹಾಕಿಕೊಂಡಳು. ಅಂದಿನಿಂದ ಅವಳ ಊಟ ಅಲ್ಲೇ, ಗೋಡೆಯ ಕಡೆ ಮುಖ ಮಾಡಿಕೊಂಡು. ಡಬ್ಬಿ ಮಾತ್ರ ಅದೇ ದೊಡ್ಡದು. ಅವಳು ತಿನ್ನುವುದು ಎರಡೋ ಮೂರೋ ಬಿಲ್ಲೆ. ಉಳಿದದ್ದಕ್ಕೆ ಮುಚ್ಚಳ ಹಾಕದೆ, ಮೇಜಿನ ಕಡೆಗೆ ತಿರುಗಿಸಿ, ಏನೋ ಗಾಳಿಗೆ ಆರಲು ಇಟ್ಟವಳ ಹಾಗೆ ಡ್ರಮ್ಮಿನ ಮೇಲೆ ಇಟ್ಟಿರುತ್ತಿದ್ದಳು. ನೀರಿಗೆ ಬಂದವರು ಲೋಟ ತುಂಬಿಸಿಕೊಳ್ಳುತ್ತಿದ್ದರು, ಡಬ್ಬಿಯನ್ನು ಕಂಡೂ ಕಾಣದವರಂತೆ ಹೋಗುತ್ತಿದ್ದರು. ಸಂಜೆ ಡಬ್ಬಿ ಹಾಗೇ ಮನೆಗೆ ಬರುತ್ತಿತ್ತು. ಯಾರಾದರೂ ಒಬ್ಬರು, ಒಂದೇ ಒಂದು ಸಲ, ಅದಕ್ಕೆ ಕೈ ಹಾಕಲಿ ಎಂಬುದಷ್ಟೇ ಅವಳ ಆಸೆ. ಅದನ್ನು ಅವಳು ಯಾರಿಗೂ ಹೇಳಿದವಳಲ್ಲ. ದಿನಾ ಅಷ್ಟು ದೊಡ್ಡ ಡಬ್ಬಿ ಹೊತ್ತುಕೊಂಡು ಹೋಗುವವಳನ್ನು ನೋಡಿದರೆ ಹೇಳಬೇಕಾಗಿಯೂ ಇರಲಿಲ್ಲ.

ಇಲ್ಲೇ ಅವಳು ಒಂದು ತಪ್ಪು ಮಾಡಿದಳು, ಅವಳು ಮಾತ್ರ ಮಾಡಬಹುದಾದ ತಪ್ಪು. ಯಾರೂ ತಿನ್ನದಿರುವುದಕ್ಕೆ ಬಿಲ್ಲೆಯಲ್ಲೇ ಏನೋ ಕೊರತೆ ಇರಬೇಕು ಎಂದು ಅನುಮಾನಪಟ್ಟಳು. ಭಾನುವಾರ ಕರಿದು ರಾಶಿ ಹಾಕಿದಮೇಲೆ ಕನ್ನಡಕ ಏರಿಸಿ ತಪಾಸಣೆಗೆ ಕೂರಲು ಶುರುಮಾಡಿದಳು. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿಯುವುದು, ಅಂಚಿಗೆ ಉಗುರು ಎಳೆಯುವುದು. ಗುಳ್ಳೆ ಎದ್ದದ್ದು, ಅಂಚು ಸೀದದ್ದು, ಸೊಟ್ಟಗಾದದ್ದು, ಎಳ್ಳು ಒಂದೇ ಕಡೆ ಗುಂಪುಗೂಡಿದ್ದು, ಎಲ್ಲವೂ ಪಕ್ಕಕ್ಕೆ. ಅಚ್ಚಿನಲ್ಲಿ ಹೊಯ್ದಂತಿರುವವು ಮಾತ್ರ ಕಾರ್ಖಾನೆಯ ಡಬ್ಬಿಗೆ. ಪಕ್ಕಕ್ಕೆ ಬಿದ್ದವು ಅದೇ ಅಳತೆಯ ಇನ್ನೊಂದು ಡಬ್ಬಿಗೆ, ಮನೆಗೆ. ಗುರುತಿಗೆ ಅದರ ಕೊರಳಿಗೂ ಒಂದು ಕೆಂಪು ದಾರ. ಆ ಡಬ್ಬಿ ಖಾಲಿ ಮಾಡುವ ಹೊಣೆ ನನ್ನದು. ಆ ಮನೆಯಲ್ಲಿ ನಾನು ಪೂರ್ತಿ ಗುಂಡಗಿರುವ ಒಂದು ಬಿಲ್ಲೆಯನ್ನೂ ತಿಂದಿರಲಿಲ್ಲ.

ಅತ್ತ ಮೇಜಿನಲ್ಲಿ ಆದದ್ದೇ ಬೇರೆ.

"ನೋಡಿದ್ಯಾ, ಎಲ್ಲಾ ಒಂದೇ ಸಮ" ಎಂದಳು ಒಬ್ಬಳು, ನೀರು ತಂದವಳು. "ಮನೇಲಿ ಮಾಡಿದ್ದು ಹಂಗಿರುತ್ತಾ? ಯಂತ್ರದಲ್ಲಿ ಮಾಡಿದ್ದು ಕಣೇ, ಅಂಗಡೀದು."

"ಅವಳು ಅಂಗಡೀದು ತರೋವಳಲ್ಲ. ಮ್ಯಾನೇಜರ್ ಕೊಡಿಸಿರ್ತಾನೆ. ತಿಂದು ಬಾಯಿಬಿಡ್ಲಿ, ಯಾರು ಏನು ಮಾತಾಡ್ತಾರೆ ತಿಳ್ಕೊಂಡು ಬಾ ಅಂತ."

"ಮನೇಲೇ ಮಾಡ್ತಾರೆ, ನಾನೇ ಕಣ್ಣಾರೆ ನೋಡಿದೀನಿ" ಎಂದೆ ನಾನು.

"ನೀನು ಅವರ ಕಡೆಯವಳಲ್ವಾ, ಇನ್ನೇನು ಹೇಳ್ತೀಯ?"

ನನಗೆ ಮೈಯೆಲ್ಲ ಉರಿಯಿತು. ಆದರೆ ದೊಡ್ಡಮ್ಮ ಮೊದಲೇ ಕಟ್ಟಪ್ಪಣೆ ಮಾಡಿದ್ದಳು: "ನೀನು ಮೇಜಲ್ಲೇ ಕೂತ್ಕೋ, ನನ್ನ ಹತ್ರ ಬರಬೇಡ. ಬಂದ್ರೆ ಚಾಡಿ ಹೇಳೋಕೆ ಹೋದಳು ಅಂತಾರೆ." ಹೀಗೆ ನಾನು ಮೇಜಿಗೂ ದೊಡ್ಡಮ್ಮನಿಗೂ ನಡುವೆ ಸಿಕ್ಕಿಕೊಂಡು, ಎರಡೂ ಕಡೆಯಿಂದ ಅನುಮಾನಕ್ಕೆ ಗುರಿಯಾಗಿ, ಬಾಯಿಗೆ ಬೀಗ ಹಾಕಿಕೊಂಡು ಉಣ್ಣುತ್ತಿದ್ದೆ.

ಹೊಸದಾಗಿ ಒಬ್ಬಳು ಕೆಲಸಕ್ಕೆ ಸೇರಿದಳು. ಎರಡು ಮಕ್ಕಳ ತಾಯಿ, ಜೇಬು ಹೊಲಿಯುವ ಕೆಲಸ. ಅವಳಿಗೆ ಇಲ್ಲಿಯ ಒಳಸುಳಿ ಗೊತ್ತಿಲ್ಲ. ನೀರಿಗೆ ಹೋದವಳು ಡಬ್ಬಿ ನೋಡಿ, "ಅಯ್ಯೋ, ಎಷ್ಟು ಚೆನ್ನಾಗಿದೆ! ಒಂದು ತಗೊಳ್ಳಲಾ?" ಎಂದು ಕೇಳಿಯೇಬಿಟ್ಟಳು. ದೊಡ್ಡಮ್ಮ ಅವಳನ್ನು ಕೆಳಗಿಂದ ಮೇಲೆ ನೋಡಿದಳು. ಇವಳಿಗೆ ನನ್ನಿಂದ ಏನು ಬೇಕಿದೆ ಎಂಬ ಪ್ರಶ್ನೆ ಆ ನೋಟದಲ್ಲಿತ್ತು. ಆದರೂ ಡಬ್ಬಿಯನ್ನು ಮುಂದಕ್ಕೆ ತಳ್ಳಿದಳು. ಜೇಬಿನವಳು ಒಂದಲ್ಲ, ಎರಡು ತಿಂದಳು. ಇಡೀ ಮೇಜು ಉಣ್ಣುವುದನ್ನು ಬಿಟ್ಟು ನೋಡಿತು.

ಅವತ್ತೇ ಸಂಜೆ ಜೇಬಿನವಳ ಕೋಟುಗಳು ತಪಾಸಣೆಗೆ ಬಂದವು. ದೊಡ್ಡಮ್ಮನ ಕೈ ಒಂದರ ಮೇಲೆ ನಿಂತಿತು. ಜೇಬಿನ ಮೂಲೆಯಲ್ಲಿ ಹೊಲಿಗೆ ಒಂದು ಎಳೆಯಷ್ಟು ಪಕ್ಕಕ್ಕೆ ಸರಿದಿತ್ತು. ಬೇರೆ ಯಾರ ಕಣ್ಣಿಗೂ ಬೀಳದಷ್ಟು. ಅವಳು ಅದನ್ನೇ ನೋಡುತ್ತ ಎಷ್ಟು ಹೊತ್ತು ಕೂತಳೆಂದರೆ, ನಾನು ಇಸ್ತ್ರಿ ಎತ್ತಿ ಹಿಡಿದುಕೊಂಡೇ ನಿಂತುಬಿಟ್ಟೆ. ಆಮೇಲೆ ಕೆಂಪು ದಾರ ಕಟ್ಟಿದಳು. "ತಿರುಗಿ ಮಾಡ್ಕೊಂಡು ಬಾ."

ಜೇಬಿನವಳು ಕಣ್ಣೀರು ಹಾಕಿಕೊಂಡಳು. ಮೇಜಿಗೆ ಮಾತ್ರ ಹಬ್ಬ. "ತಿನ್ನಿಸಿ ಹೊಡೆಯೋದು ಅಂದ್ರೆ ಇದೇ ನೋಡು" ಎಂದರು. ದೊಡ್ಡಮ್ಮ ಮನೆಗೆ ಬಂದು ನನ್ನ ಹತ್ತಿರ, "ಅವಳು ಬೇಕಂತಲೇ ಮೊದಲ ದಿನವೇ ಕೇಳಿ ತಿಂದಳು, ದಾಕ್ಷಿಣ್ಯಕ್ಕೆ ಸಿಗಿಸೋಕೆ" ಎಂದಳು. ಹಾಗೆಂದವಳು ಆ ರಾತ್ರಿ ಊಟ ಮಾಡದೆ ಮಲಗಿದಳು.

ಇಷ್ಟು ಸಾಲದೆಂಬಂತೆ ಕಾಲರಕ್ಕನ ಕತ್ತರಿ ಕಳೆದುಹೋಯಿತು. ದಾರ ಕತ್ತರಿಸುವ ಬೆರಳುದ್ದದ ಕತ್ತರಿ, ಅವಳ ಅಮ್ಮನ ಕಾಲದ್ದು, ಕಾರ್ಖಾನೆಯ ಕತ್ತರಿಯನ್ನು ಅವಳು ಮುಟ್ಟುತ್ತಲೇ ಇರಲಿಲ್ಲ. ಎಲ್ಲರ ಕಣ್ಣೂ ಹೊಸಬಳಾದ ಜೇಬಿನವಳ ಮೇಲೆ. ಜೇಬಿನವಳ ಕಣ್ಣು ನೆಲದ ಮೇಲೆ. ಮ್ಯಾನೇಜರ್ ಬಂದು ಏನು ಮಾಡುವುದೆಂದು ಕೇಳಿದಾಗ, ತನ್ನನ್ನು ಯಾರೂ ಕೇಳದಿದ್ದರೂ ದೊಡ್ಡಮ್ಮ ಬಾಯಿ ಹಾಕಿದಳು.

"ಒಬ್ಬಳ ಮೇಲೆ ಯಾಕೆ ಅನುಮಾನ? ಹೋಗೋವಾಗ ಗೇಟಲ್ಲಿ ಎಲ್ಲರ ಡಬ್ಬಿ ತೆಗೆಸಿ ನೋಡಿ."

ಜೇಬಿನವಳನ್ನು ಉಳಿಸಲೆಂದೇ ಅವಳು ಹಾಗೆ ಹೇಳಿದ್ದು ಎಂದು ನನಗನ್ನಿಸುತ್ತದೆ. ಆದರೆ ಅದು ಕೇಳಿಸಿದ್ದು ಬೇರೆ ಥರ. ಸಂಜೆ ಗೇಟಿನಲ್ಲಿ ಸಾಲುಗಟ್ಟಿ ನಿಂತು, ಎಂಜಲು ಡಬ್ಬಿಗಳನ್ನು ಕಾವಲುಗಾರನ ಮೂಗಿನ ಕೆಳಗೆ ತೆರೆದು ತೋರಿಸಬೇಕಾಯಿತು. ಒಬ್ಬೊಬ್ಬರ ಮುಖವೂ ಸುಟ್ಟಂತಾಗಿತ್ತು. ಕತ್ತರಿ ಸಿಗಲಿಲ್ಲ. ತಪಾಸಣೆಯವರು ಆಫೀಸಿನ ಬಾಗಿಲಿಂದ ಹೋಗುತ್ತಾರೆ, ಆದ್ದರಿಂದ ದೊಡ್ಡಮ್ಮನ ಡಬ್ಬಿಯನ್ನು ಯಾರೂ ನೋಡಲಿಲ್ಲ. ಇದನ್ನು ಕಾಲರಕ್ಕ ಗಮನಿಸಿದಳು.

ಮುಂದಿನ ಸೋಮವಾರ ಬೆಳಿಗ್ಗೆ ದೊಡ್ಡಮ್ಮನಿಗೂ ಗ್ಯಾಸಿನವನಿಗೂ ಸಿಲಿಂಡರಿನ ಸೀಲಿನ ವಿಷಯಕ್ಕೆ ದೊಡ್ಡ ರಂಪ. ಅವನನ್ನು ಕಳಿಸಿದ ಕೋಪದಲ್ಲೇ ಕಪಾಟಿನಿಂದ ಡಬ್ಬಿ ಎತ್ತಿಕೊಂಡು ಹೊರಟಳು. ಎರಡೂ ಡಬ್ಬಿಗಳನ್ನು ಹಿಂದಿನ ದಿನ ತೊಳೆದವಳು ಅವಳೇ, ಕೆಂಪು ದಾರ ಬಿಚ್ಚಿಟ್ಟವಳೂ ಅವಳೇ, ಮತ್ತೆ ಕಟ್ಟಲು ಮರೆತವಳೂ ಅವಳೇ. ಮಧ್ಯಾಹ್ನ ಸ್ಟೂಲಿನ ಮೇಲೆ ಕೂತು ಮುಚ್ಚಳ ತೆಗೆದರೆ ಒಳಗೆ ಇದ್ದದ್ದು ಮನೆಯ ರಾಶಿ: ಸೊಟ್ಟ, ಸೀದದ್ದು, ಮುರಿದದ್ದು. ನನ್ನ ಜಾಗದಿಂದಲೇ ಅವಳ ಮುಖ ಕಪ್ಪಿಟ್ಟಿದ್ದು ಕಂಡಿತು. ಪಟಕ್ಕನೆ ಮುಚ್ಚಳ ಹಾಕಿ ಡಬ್ಬಿಯನ್ನು ಸೆರಗಿನ ಕೆಳಗೆ ಸೇರಿಸಿಕೊಂಡಳು.

ಆ ಪಟಕ್ ಸದ್ದಿಗೆ ಇಡೀ ಮೇಜು ತಿರುಗಿತು. ಯಾವಾಗಲೂ ಬಾಯಿ ತೆರೆದಿರುತ್ತಿದ್ದ ಡಬ್ಬಿ ಇವತ್ತು ಯಾಕೆ ಮುಚ್ಚಿತು? ಕಾಲರಕ್ಕ ಎದ್ದು ಹೋಗಿ ಅವಳ ಎದುರು ನಿಂತಳು.

"ಏನದು ಬಚ್ಚಿಟ್ಕೊಂಡಿದ್ದು?"

"ಏನಿಲ್ಲ."

"ಏನಿಲ್ಲದಿದ್ರೆ ತೆಗೀರಿ ಮೇಡಂ. ನಮ್ಮೆಲ್ಲರದ್ದೂ ತೆಗೆಸಿದಿರಲ್ಲ."

"ತಿನ್ನೋದು ಇದೆ. ಇನ್ನೇನಿರುತ್ತೆ?"

"ತಿನ್ನೋದಾದ್ರೆ ಸೆರಗಲ್ಲಿ ಯಾಕೆ?"

ನಾನು ಎದ್ದು ನಿಂತೆ. ಡಬ್ಬಿಯಲ್ಲಿ ಕತ್ತರಿ ಇಲ್ಲವೆಂದು ನನಗೆ ಗೊತ್ತು. ಆದರೂ, ನಾಚಿಕೆಯ ಮಾತು, ಒಂದು ಗಳಿಗೆ ನನಗೂ ಅನುಮಾನ ಬಂತು. ಅಷ್ಟು ಹೊತ್ತು ಎಲ್ಲರೂ ಒಂದೇ ಕಡೆ ನೋಡಿದರೆ ಯಾರ ತಲೆಯೂ ನೆಟ್ಟಗಿರುವುದಿಲ್ಲ. ದೊಡ್ಡಮ್ಮ ಮೆಲ್ಲಗೆ ಡಬ್ಬಿ ಹೊರತೆಗೆದು ಮುಚ್ಚಳ ತೆರೆದಳು. ಒಳಗಿಂದ ಕತ್ತರಿಯೇ ಸಿಕ್ಕಿದ್ದರೂ ಅವಳು ಅಷ್ಟು ತಲೆ ತಗ್ಗಿಸುತ್ತಿರಲಿಲ್ಲವೇನೋ.

ಕಾಲರಕ್ಕ ಬಗ್ಗಿ ನೋಡಿದಳು. ಬೆರಳಿಂದ ಕೆದಕಿದಳು. ಒಂದು ಬಿಲ್ಲೆ ಎತ್ತಿಕೊಂಡಳು. ಅದರ ಒಂದು ಕಡೆ ಉಬ್ಬಿತ್ತು, ಇನ್ನೊಂದು ಕಡೆ ಕಂದು ಬಣ್ಣಕ್ಕೆ ಸೀದಿತ್ತು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಥೇಟ್ ದೊಡ್ಡಮ್ಮನ ಹಾಗೆ. ಹೆಬ್ಬೆರಳ ಉಗುರನ್ನು ಅಂಚಿನ ಉದ್ದಕ್ಕೂ ಎಳೆದಳು. ಇಷ್ಟು ವರ್ಷ ಹೊಲಿಯುವವರು ತಪಾಸಣೆಯ ಮೇಜಿನ ಆಚೆ ನಿಂತು ಹೇಗೆ ಕಾಯುತ್ತಿದ್ದರೋ, ಹಾಗೆ ದೊಡ್ಡಮ್ಮ ಡಬ್ಬಿ ಹಿಡಿದುಕೊಂಡೇ ಕಾದಳು.

"ಇದು ಯಾರು ಮಾಡಿದ್ದು?"

"ನಾನೇ."

"ಅಂಗಡೀದಲ್ವಾ?"

"ಇಂಥದ್ದನ್ನ ಅಂಗಡೀಲಿಟ್ರೆ ಯಾರು ತಗೋತಾರೆ?" ದೊಡ್ಡಮ್ಮನ ದನಿಯಲ್ಲಿ ಕೋಪವೂ ಅಳುವೂ ಒಟ್ಟಿಗೇ ಬಂದಿದ್ದವು. "ಒಳ್ಳೆವು ಮನೇಲಿ ಉಳಿದ್ವು. ಇವು ನಿಮಗೆ ತೋರಿಸೋವಂಥವಲ್ಲ."

"ಅಂದ್ರೆ ದಿನಾ ತರ್ತಿದ್ದವೂ ನೀವೇ ಮಾಡಿದ್ದಾ? ಆರಿಸಿ ತರ್ತಿದ್ರಾ? ತಿನ್ನೋ ತಿಂಡಿಗೂ ತಪಾಸಣೆನಾ ನಿಮ್ದು?"

ದೊಡ್ಡಮ್ಮ ಹೌದೆಂದು ತಲೆಯಾಡಿಸಿದಳು. ಮೇಜಿನ ಯಾವುದೋ ಮೂಲೆಯಿಂದ ಕಿಸಕ್ಕೆಂಬ ನಗು ಬಂತು. ಆಮೇಲೆ ಎಲ್ಲರೂ ನಕ್ಕರು. ಕಾಲರಕ್ಕ ನಗಲಿಲ್ಲ. ಕೈಯಲ್ಲಿದ್ದ ಸೊಟ್ಟ ಬಿಲ್ಲೆಯನ್ನು ಬಾಯಿಗೆ ಹಾಕಿ ಕರಕರ ಎಂದು ಅಗಿದಳು. ನುಂಗಿದಳು. ಮತ್ತೊಂದು ತೆಗೆದುಕೊಂಡಳು.

"ಮೆಣಸು ಆಗಿನಷ್ಟೇ ಹಾಕ್ತೀಯ" ಎಂದಳು. ಅಷ್ಟು ವರ್ಷದ ಮೇಲೆ "ಮೇಡಂ" ಹೋಗಿ "ನೀನು" ಬಂದಿತ್ತು. ಡಬ್ಬಿಯನ್ನು ದೊಡ್ಡಮ್ಮನ ಕೈಯಿಂದ ತೆಗೆದುಕೊಂಡು ಮೇಜಿಗೆ ಹೋದಳು. ಅವತ್ತು ಡಬ್ಬಿಯಲ್ಲಿ ಪುಡಿಯೂ ಉಳಿಯಲಿಲ್ಲ. ಜೇಬಿನವಳು ಬೆರಳು ಒದ್ದೆ ಮಾಡಿಕೊಂಡು ತಳದ ಎಳ್ಳನ್ನೂ ಒತ್ತಿ ತಿಂದಳು.

ಊಟ ಮುಗಿದಮೇಲೆ ದೊಡ್ಡಮ್ಮ ತನ್ನ ಜಾಗಕ್ಕೆ ಹೋಗಲಿಲ್ಲ. ನಾನು ಇಸ್ತ್ರಿ ಮಾಡಿ ತೂಗುಹಾಕಿದ್ದ, ಕಳೆದ ವಾರದಿಂದ ಸಾಗಿಸದೆ ಉಳಿದಿದ್ದ, ಅವಳ ಚೀಟಿ ಅಂಟಿಸಿಕೊಂಡ ಕೋಟುಗಳ ಸಾಲಿನ ಮುಂದೆ ನಿಂತಳು. "ಹೊಲಿಗೆ ನೋಡ್ತೀನಿ, ಅಂಚು ನೋಡ್ತೀನಿ. ಜೇಬೊಳಗೆ ಕೈ ಹಾಕಿ ನೋಡೋದಿಲ್ಲವಲ್ಲ" ಎಂದು ತನ್ನಷ್ಟಕ್ಕೇ ಗೊಣಗಿದಳು. ತನ್ನ ಮೇಲೇ ಅವಳಿಗೆ ಅನುಮಾನ ಬಂದದ್ದು ಅದೇ ಮೊದಲು. ಒಂದೊಂದೇ ಜೇಬಿಗೆ ಕೈ ಹಾಕುತ್ತ ಹೋದಳು. ಇಸ್ತ್ರಿ ಮಾಡಿದ ನನ್ನ ಕೈಗೂ ಸಿಗದ್ದು ಒಂದು ಉದ್ದ ಕೋಟಿನ ಆಳವಾದ ಒಳಜೇಬಿನಲ್ಲಿತ್ತು. ಕಾಲರಕ್ಕ ಕಾಲರು ಹೊಲಿದು ಮಡಿಲಲ್ಲಿಟ್ಟುಕೊಂಡಿದ್ದಾಗ ಜಾರಿ ಬಿದ್ದಿರಬೇಕು. ಒಳಗೆ ಕತ್ತರಿ, ಕೋಟಿನ ಮೇಲೆ ದೊಡ್ಡಮ್ಮನ ಚೀಟಿ.

ಕತ್ತರಿಯನ್ನು ಸುಮ್ಮನೆ ಕಾಲರಕ್ಕನ ಯಂತ್ರದ ಕೆಳಗೆ ಹಾಕಿ ಬಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಕೋಟನ್ನೇ ಹೊತ್ತುಕೊಂಡು ಬಂದು ಕಾಲರಕ್ಕನ ಮುಂದೆ ಹಾಸಿ, ಕತ್ತರಿ ತೆಗೆದಿಟ್ಟು, ಚೀಟಿ ತೋರಿಸಿದಳು. "ನಾನೇ ಪಾಸ್ ಮಾಡಿದ್ದು. ನನ್ನ ಕಣ್ಣೇ ತಪ್ಪಿದ್ದು. ಅದಕ್ಕೆ ನಿಮ್ಮೆಲ್ಲರ ಡಬ್ಬಿ ತೆಗೆಸಿದೆ" ಎಂದಳು. ಎಲ್ಲರಿಗೂ ಕೇಳುವಂತೆ ಹೇಳಿದಳು. ಕಾಲರಕ್ಕ ಪಕ್ಕದಲ್ಲಿದ್ದ ಕೆಂಪು ದಾರದ ತುಂಡೊಂದನ್ನು ಎತ್ತಿ ದೊಡ್ಡಮ್ಮನ ಕಿರುಬೆರಳಿಗೆ ಕಟ್ಟಿದಳು. ಆಗ ಇಬ್ಬರೂ ನಕ್ಕರು.

ಮರುದಿನ ಬೆಂಚಿನಲ್ಲಿ ಮೊಣಕೈಗಳು ಮಡಚಿಕೊಂಡವು, ಜಾಗ ಆಯಿತು. ದೊಡ್ಡಮ್ಮ ಕೂತು ಕಾಲರಕ್ಕನ ಆಲೂಗಡ್ಡೆಯನ್ನು ಮೂಸಿ ನೋಡಿ, ನಾಲಿಗೆಯ ತುದಿಗೆ ಮುಟ್ಟಿಸಿ, ಆಮೇಲೆ ಮೂರು ಸಲ ಹಾಕಿಸಿಕೊಂಡಳು. ನನ್ನ ಕಣ್ಣು ಮಾತ್ರ ತಪಾಸಣೆಯ ಮೇಜಿನ ಮೇಲಿತ್ತು. ಏಕೆಂದರೆ ಊಟವಾದ ಕೂಡಲೇ ತಪಾಸಣೆಗೆ ಬರಬೇಕಾದದ್ದು ಕಾಲರಕ್ಕ ಹೊಲಿದ ಬಟ್ಟೆಗಳದೇ ಕಟ್ಟು. ಮೇಜಿನಲ್ಲಿ ಎಲ್ಲರಿಗೂ ಅದೇ ಯೋಚನೆ. ಊಟ ಮುಗಿದು ಕೆಲಸ ಶುರುವಾದಾಗ ಯಂತ್ರಗಳ ಸದ್ದು ಕೂಡ ತಗ್ಗಿತ್ತು.

ದೊಡ್ಡಮ್ಮ ಒಂದು ಕಾಲರನ್ನು ಬೆಳಕಿಗೆ ಹಿಡಿದಳು. ಎರಡು ಸಲ ಉಗುರು ಎಳೆದಳು. ಕೆಂಪು ದಾರ ಕಟ್ಟಿದಳು. ಈ ಸಲ ಎಸೆಯಲಿಲ್ಲ, ಮುಖ ನೋಡಿ ಕೈಗೆ ಕೊಟ್ಟಳು. "ಎಡಗಡೆ ತುದಿ ಒಂದು ಕೂದಲು ಗಿಡ್ಡ."

ಕಾಲರಕ್ಕ ಕಾಲರನ್ನು ತಿರುಗಿಸಿ ನೋಡಿದಳು. ನಾವೆಲ್ಲ ಅವಳನ್ನು ನೋಡಿದೆವು.

"ಹೌದಲ್ಲ" ಎಂದಳು. "ತಿರುಗಿ ಮಾಡ್ಕೊಂಡು ಬರ್ತೀನಿ. ಆಲೂಗಡ್ಡೆಗೆ ಉಪ್ಪು ಸರಿ ಇತ್ತಾ?"

"ಅದು ಸರಿ ಇತ್ತು" ಎಂದಳು ದೊಡ್ಡಮ್ಮ.

ಆ ಭಾನುವಾರ ಅವಳು ಎಂದಿನಂತೆ ಬಿಲ್ಲೆ ಕರಿದು, ರಾಶಿ ಹಾಕಿ, ಕನ್ನಡಕ ಏರಿಸಿ ಕೂತಳು. ಅಭ್ಯಾಸ ಬಿಡುತ್ತದೆಯೇ? ಒಂದೊಂದನ್ನೂ ಬೆಳಕಿಗೆ ಹಿಡಿದು ಆರಿಸಿದಳು. ಆಮೇಲೆ ಸೊಟ್ಟಗಿದ್ದವನ್ನೆಲ್ಲ ಕಾರ್ಖಾನೆಯ ಡಬ್ಬಿಗೆ ತುಂಬಿದಳು. ಗುಂಡಗೆ, ಸಮನಾಗಿ, ಅಚ್ಚಿನಲ್ಲಿ ಹೊಯ್ದಂತಿದ್ದವನ್ನು ತಟ್ಟೆಯಲ್ಲಿಟ್ಟು ನನ್ನ ಮುಂದೆ ತಳ್ಳಿದಳು.

"ತಿನ್ನು. ಇವನ್ನ ತಗೊಂಡ್ಹೋದ್ರೆ ಅವರಿಗೆ ಮತ್ತೆ ಅನುಮಾನ."

ನಾನು ಒಂದು ಎತ್ತಿಕೊಂಡೆ. ಅವಳು ಕನ್ನಡಕದ ಮೇಲಿಂದ ನನ್ನ ಬಾಯಿಯನ್ನೇ ನೋಡುತ್ತ, ಕರಕರ ಸದ್ದಿಗೆ ಕಾಯುತ್ತ ಕೂತಿದ್ದಳು.